ಜೋಫಿಯಾ ಕೊಸ್ಸಾಕ್ ಯಹೂದಿಯಾ?

ಪ್ರಶ್ನೆ: ಪೋಲೆಂಡಿನ ಲೇಖಕಿ ಜೋಫಿಯಾ ಕೊಸ್ಸಾಕ್ ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಆಶ್ವಿಟ್ಸ್ ಸೆರೆ ಕ್ಯಾಂಪಿನಲ್ಲಿದ್ದರಂತೆ. ಅವರು ಯಹೂದಿಯಾ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಅವರು ಅಪ್ಪಟ ಕ್ಯಾಥೊಲಿಕ್.

ಆಶ್ವಿಟ್ಸ್‌ನಲ್ಲಿ ಸತ್ತ ಸುಮಾರು 11 ಲಕ್ಷ ಜನರಲ್ಲಿ 10 ಲಕ್ಷದಷ್ಟು ಯಹೂದಿಗಳು, ನಿಜ. ಆದರೆ ಪೋಲೆಂಡನ್ನು ಆಕ್ರಮಿಸಿದ್ದ ಜರ್ಮನ್ನರು 1940ರಲ್ಲಿ ಆ ಕ್ಯಾಂಪ್ ತೆರೆದದ್ದೇ ಪೋಲಿಷ್ ರಾಜಕೀಯ ಕೈದಿಗಳಿಗಾಗಿ. ಕೊಸ್ಸಾಕ್ 1943ರಲ್ಲಿ ಅಲ್ಲಿಗೆ ಹೋದದ್ದೂ ಅಂಥ ಕೈದಿಯಾಗಿಯೇ. ರಾಜಧಾನಿ ವಾರ್ಸಾದಲ್ಲಿ ಸಿಕ್ಕಿಬಿದ್ದಾಗ ಅವರ ಹತ್ತಿರ ಇದ್ದದ್ದು ಸುಳ್ಳು ಹೆಸರಿನ ಕಾಗದಪತ್ರ. ಎಂಥ ಕುಳ ಕೈಗೆ ಸಿಕ್ಕಿದೆ ಅಂತ ಹಿಡಿದವರಿಗೇ ಗೊತ್ತಿರಲಿಲ್ಲ!

ಇಷ್ಟು ಹೇಳಿದರೆ, “ಹಾಗಾದರೆ ಯಹೂದಿಗಳ ಮೇಲೆ ತುಂಬಾ ಪ್ರೀತಿ ಇದ್ದಿರಬೇಕು, ಅಲ್ವಾ?” ಅಂತಾರೆ. ಅದೂ ಇಲ್ಲ ಸ್ವಾಮಿ. 1942ರ ಜುಲೈ 22ರಿಂದ ಜರ್ಮನ್ನರು ವಾರ್ಸಾ ಘೆಟ್ಟೊದ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯ ಜನರನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾ ಎಂಬ ಕೊಲೆ ಕ್ಯಾಂಪಿಗೆ ಸಾಗಿಸುತ್ತಿದ್ದರು. ಆಗಸ್ಟ್‌ನಲ್ಲಿ ಕೊಸ್ಸಾಕ್ ಗುಟ್ಟಾಗಿ ಒಂದು ಕರಪತ್ರ ಬರೆದರು. 5,000 ಪ್ರತಿ ಅಚ್ಚಾಯಿತು. ಕೊಲೆ ಕಂಡೂ ಬಾಯಿ ಮುಚ್ಚಿಕೊಂಡವನು ಕೊಲೆಗಾರನ ಜೊತೆಗಾರ ಅನ್ನುವ ಅರ್ಥದ ಮಾತು ಅದರಲ್ಲಿದೆ. ಎಲ್ಲರೂ ಎತ್ತಿ ಹೇಳುವುದು ಅದೊಂದನ್ನೇ. ಮುಂದಕ್ಕೂ ಓದಿ ನೋಡಿ. ಯಹೂದಿಗಳು ಪೋಲೆಂಡಿಗೆ ರಾಜಕೀಯವಾಗಿ, ಆರ್ಥಿಕವಾಗಿ, ವಿಚಾರದಲ್ಲಿ ಶತ್ರುಗಳು, ನಮ್ಮ ಈ ಭಾವನೆ ಬದಲಾಗಿಲ್ಲ ಅಂತಲೂ ಅದರಲ್ಲೇ ಬರೆದಿದ್ದಾರೆ. ಇದನ್ನು ಮುಚ್ಚಿಟ್ಟು ಅವರನ್ನು ದೇವತೆ ಮಾಡುವವರನ್ನು ಕಂಡರೆ ನನಗೆ ರೇಗುತ್ತದೆ.

ಹಾಗಂತ ಅವರು ಬರೆದು ಸುಮ್ನೆ ಕೂತವರಲ್ಲ. ಯಹೂದಿಗಳಿಗೆ ಜಾಗ ಕೊಟ್ಟರೆ ಮರಣದಂಡನೆ ಇದ್ದ ಊರದು. ಅಂಥ ಕಡೆ ಸೆಪ್ಟೆಂಬರ್‌ನಲ್ಲಿ ವಾಂಡಾ ಕ್ರಾಹೆಲ್ಸ್ಕಾ ಜೊತೆ ಸೇರಿ ನೆರವಿನ ಸಮಿತಿ ಕಟ್ಟಿದರು. ಡಿಸೆಂಬರ್ ಹೊತ್ತಿಗೆ ಅದೇ ‘ಝೆಗೋತಾ’ ಎಂಬ ಗುಪ್ತ ನೆರವು ಸಂಸ್ಥೆ ಆಯಿತು. ಅಡಗುವುದಕ್ಕೆ ಮನೆ, ಸುಳ್ಳು ಗುರುತಿನ ಚೀಟಿ, ಕೈಖರ್ಚಿಗೆ ಹಣ, ಎಲ್ಲ ಅಲ್ಲಿಂದಲೇ.

1943ರಲ್ಲಿ ಸೆರೆಯಾದರು ಅಂದೆನಲ್ಲ, ಕೊನೆಗೆ ಆಶ್ವಿಟ್ಸ್ ಕ್ಯಾಂಪಿನವರಿಗೆ ಇವರ ಗುರುತು ಸಿಕ್ಕಿತು. ವಿಚಾರಣೆಗೆಂದು ವಾರ್ಸಾದ ಪಾವಿಯಾಕ್ ಜೈಲಿಗೆ ತಂದರು. ಭೂಗತ ಸಂಘಟನೆಯವರ ಓಡಾಟದಿಂದ 1944ರ ಜುಲೈ ಕೊನೆಗೆ ಬಿಡುಗಡೆಯಾಯಿತು. ಕೆಲವೇ ದಿನಕ್ಕೆ ಜರ್ಮನ್ನರ ವಿರುದ್ಧ ವಾರ್ಸಾ ದಂಗೆ ಎದ್ದಿತು.

ಯುದ್ಧ ಮುಗಿದ ಮೇಲೆ ಏನಾಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಜಾಸ್ತಿ ಸ್ವಾರಸ್ಯ ಅದರಲ್ಲೇ. ಪೋಲೆಂಡಿನ ಹೊಸ ಕಮ್ಯುನಿಸ್ಟ್ ಸರ್ಕಾರದಲ್ಲಿ ಗುಪ್ತ ಪೊಲೀಸರ ಮೇಲೆ ಹಿಡಿತವಿದ್ದ ಯಾಕುಬ್ ಬೆರ್ಮಾನ್ ಅಂದರೆ ಎಲ್ಲರಿಗೂ ನಡುಕ. ಅವನು ಯಹೂದಿ. ಅವನ ತಮ್ಮ ಝೆಗೋತಾದಲ್ಲಿ ದುಡಿದವನು. 1945ರಲ್ಲಿ ಈ ಬೆರ್ಮಾನ್ ಕೊಸ್ಸಾಕ್ ಅವರನ್ನು ಕರೆಸಿ, ಬೇಗ ದೇಶ ಬಿಡಿ ಅಂದ. ಅವರು ಇಂಗ್ಲೆಂಡಿನ ಕಾರ್ನ್‌ವಾಲ್‌ಗೆ ಹೋಗಿ ಗಂಡನ ಜೊತೆ ಬೇಸಾಯಕ್ಕಿಳಿದರು. ಅತ್ತ ಪೋಲೆಂಡಿನಲ್ಲಿ 1951ರಲ್ಲಿ ಅವರ ಪುಸ್ತಕಗಳಿಗೆಲ್ಲ ನಿಷೇಧ ಬಿತ್ತು. 1957ರಲ್ಲಿ ತಿರುಗಿ ಹೋದರು. ಅದೇ ಸರ್ಕಾರ 1966ರಲ್ಲಿ ಬಹುಮಾನ ಕೊಡಲು ಬಂದಾಗ, ಬೇಡ ಅಂದರು.