ಉಂಚಳ್ಳಿ ಜಲಪಾತದ ವಿಡಿಯೋ ಅಷ್ಟೊಂದು ಭಾರ ಯಾಕೆ?

ಒಂದೇ ಮೊಬೈಲಿನಲ್ಲಿ ಎರಡು ನಿಮಿಷ ಯಕ್ಷಗಾನ, ಎರಡು ನಿಮಿಷ ಉಂಚಳ್ಳಿ ಜಲಪಾತ ಸೆರೆಹಿಡಿಯಿರಿ. ಎರಡನ್ನೂ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಒಂದೇ ಗುಣಮಟ್ಟಕ್ಕೆ ಕುಗ್ಗಿಸಿದರೆ, ಜಲಪಾತದ ಫೈಲು ಯಕ್ಷಗಾನದ್ದರ ಹಲವು ಪಟ್ಟು ದೊಡ್ಡದಾಗಿ ಬರುತ್ತದೆ. ತಂತ್ರಾಂಶ ಕೆಟ್ಟಿಲ್ಲ, ನೀರಿನ ಸ್ವಭಾವವೇ ಹಾಗೆ. ಸಿದ್ದಾಪುರ, ಯಲ್ಲಾಪುರದ ಒಳ ಊರುಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತುವವರೂ ಅಂತರ್ಜಾಲದಲ್ಲಿ ನಮ್ಮ ಲೇಖನ ತೆರೆಯುತ್ತಾರೆ. ಲೇಖನಕ್ಕೆ ಚಿತ್ರ, ಧ್ವನಿ, ವಿಡಿಯೋ ಸೇರಿಸುವವರು ಈ ಸ್ವಭಾವವನ್ನು ಮೊದಲು ಅರಿಯಬೇಕು.

ಲೆಕ್ಕ ನೋಡಿ. 1920×1080 ಚುಕ್ಕಿಗಳ ಒಂದು ಫ್ರೇಮನ್ನು, ಅಂದರೆ ವಿಡಿಯೋದ ಒಂದು ಬಿಡಿ ಚಿತ್ರವನ್ನು, ಇದ್ದ ಹಾಗೇ ಇಟ್ಟರೆ ಸುಮಾರು 6.2 ಎಂಬಿ. ಸೆಕೆಂಡಿಗೆ 25 ಫ್ರೇಮ್ ಎಂದರೆ 155 ಎಂಬಿ. ಒಂದು ನಿಮಿಷಕ್ಕೆ 9 ಜಿಬಿ ದಾಟುತ್ತದೆ. ಇದನ್ನು ಇಳಿಸಲು 2003ರಲ್ಲಿ ಬಂದ ಎಚ್.264 ವಿಧಾನ ಪ್ರತಿ ಫ್ರೇಮನ್ನೂ 16×16 ಚುಕ್ಕಿಗಳ ಚೌಕಗಳಾಗಿ ಸೀಳುತ್ತದೆ. ಈ ಚೌಕ ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತು ಎಂದು ಹುಡುಕುತ್ತದೆ. ಸಿಕ್ಕರೆ, ಚಿತ್ರವನ್ನು ಮತ್ತೆ ಬರೆಯದೆ 'ಅಲ್ಲಿದ್ದುದು ಇಷ್ಟು ಸರಿದಿದೆ' ಎಂದಷ್ಟೇ ಬರೆದುಕೊಳ್ಳುತ್ತದೆ. ಸ್ಟ್ಯಾಂಡಿನ ಮೇಲಿಟ್ಟು ತೆಗೆದ ಯಕ್ಷಗಾನದಲ್ಲಿ ಹಿಂದಿನ ಪರದೆ ಅಲ್ಲಾಡುವುದಿಲ್ಲ, ಭಾಗವತರು ಕೂತಲ್ಲೇ ಇರುತ್ತಾರೆ, ಕುಣಿಯುವುದು ವೇಷವೊಂದೇ. ಉಂಚಳ್ಳಿಯಲ್ಲಿ ಅಘನಾಶಿನಿ ನದಿ 116 ಮೀಟರ್ ಎತ್ತರದಿಂದ ಧುಮುಕುವಾಗ ಈ ಹುಡುಕಾಟವೇ ವ್ಯರ್ಥ. ಈ ಕ್ಷಣದ ನೊರೆಗೂ ಹಿಂದಿನ ಕ್ಷಣದ ನೊರೆಗೂ ಹೋಲಿಕೆಯೇ ಇಲ್ಲ. ಪ್ರತಿ ಚೌಕವನ್ನೂ ಹೆಚ್ಚುಕಡಿಮೆ ಹೊಸದಾಗಿಯೇ ಬರೆಯಬೇಕು. ಸುರಿಯುವ ಮಳೆ, ಕಾರವಾರದ ಕಡಲತೆರೆ, ಗಾಳಿಗೆ ತೂಗುವ ಅಡಿಕೆ ಸೋಗೆ, ಎಲ್ಲದರದೂ ಇದೇ ಕಥೆ.

ಹಾಗಾಗಿ ಪರಿಹಾರವನ್ನು ಚಿತ್ರೀಕರಣದಲ್ಲೇ ಶುರು ಮಾಡಬೇಕು. ಬಿಸಿಲಿನಲ್ಲಿ ಮೊಬೈಲ್ ತಾನಾಗಿ ಶಟರನ್ನು (ಪ್ರತಿ ಫ್ರೇಮಿಗೆ ಬೆಳಕು ಒಳಬಿಡುವ ಸಮಯವನ್ನು) 1/1000 ಸೆಕೆಂಡಿಗೋ ಅದಕ್ಕೂ ವೇಗಕ್ಕೋ ಒಯ್ಯುತ್ತದೆ. ಆಗ ಪ್ರತಿ ಹನಿಯೂ ಚೂಪಾಗಿ ಮೂಡುತ್ತದೆ, ಅಷ್ಟೂ ಹನಿಗಳನ್ನು ಎನ್‌ಕೋಡರ್, ಅಂದರೆ ವಿಡಿಯೋ ಕುಗ್ಗಿಸುವ ತಂತ್ರಾಂಶ, ಬರೆಯಬೇಕಾಗುತ್ತದೆ. ಪ್ರೊ ಮೋಡಿನಲ್ಲಿ ಶಟರನ್ನು 1/50ಕ್ಕೆ ಇಳಿಸಿ. ಬೆಳಕು ಹೆಚ್ಚಾದರೆ ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ. ನೀರು ಹಾಲಿನ ಧಾರೆಯಂತೆ ನಯವಾಗುತ್ತದೆ, ಫೈಲೂ ಹಗುರಾಗುತ್ತದೆ. ರಾತ್ರಿಯ ಯಕ್ಷಗಾನದ ಆಟಕ್ಕೂ 1/50 ಒಳ್ಳೆಯದೇ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ದೀಪದ ಮಿಣುಕು ಪಟ್ಟೆಯಾಗಿ ಕಾಣುವುದು ತಪ್ಪುತ್ತದೆ.

ಹ್ಯಾಂಡ್‌ಬ್ರೇಕ್‌ನಲ್ಲಿ 'ಫಾಸ್ಟ್ 720ಪಿ30' ಆಯ್ದು, ವಿಡಿಯೋ ಟ್ಯಾಬಿನಲ್ಲಿ ಆರ್‌ಎಫ್ ಅಂಕಿ ನೋಡಿ. ಅಂಕಿ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು. ಆರು ಅಂಕಿ ಏರಿಸಿದರೆ ಗಾತ್ರ ಅಂದಾಜು ಅರ್ಧಕ್ಕಿಳಿಯುತ್ತದೆ. ಯಕ್ಷಗಾನಕ್ಕೆ 22 ಇಡಿ. ಜಲಪಾತಕ್ಕೆ 26 ಸಾಕು, ನೊರೆಯ ಗದ್ದಲದಲ್ಲಿ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಇದರ ಬದಲು ಸರಾಸರಿ ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ದತ್ತಾಂಶದ ಪ್ರಮಾಣ) ಆಯ್ದು ತೀರಾ ಕಡಿಮೆ ಕೊಟ್ಟರೆ ನೀರು ಚೌಕಚೌಕವಾಗಿ ಒಡೆಯುತ್ತದೆ. 'ವೆಬ್ ಆಪ್ಟಿಮೈಸ್ಡ್' ಗುರುತನ್ನು ಮರೆಯಬೇಡಿ: ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿ ಎಂಪಿ4 ಫೈಲಿನ ಕೊನೆಯಲ್ಲಿ ಕೂತಿದ್ದರೆ, ಎಷ್ಟೋ ಸಲ ಪೂರ್ತಿ ಇಳಿಯುವ ತನಕ ಚಿತ್ರ ಶುರುವಾಗುವುದಿಲ್ಲ. ಈ ಗುರುತು ಸೂಚಿಯನ್ನು ಮುಂದಕ್ಕೆ ತರುತ್ತದೆ. ಹತ್ತಾರು ಫೈಲುಗಳಿದ್ದರೆ ಎಫ್‌ಎಫ್‌ಎಂಪೆಗ್ ತಂತ್ರಾಂಶ ವಾಸಿ, ಆದರೆ ಅದಕ್ಕೆ ಆದೇಶ ಟೈಪಿಸಲು ಬರಬೇಕು.

ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ನಾಲ್ಕು ಸೆಕೆಂಡಿನ ದೃಶ್ಯಕ್ಕೆ ಜಿಫ್ ಬೇಡವೇ ಬೇಡ. 1987ರ ಆ ವಿಧಾನದಲ್ಲಿ ಒಂದು ಫ್ರೇಮಿಗೆ 256 ಬಣ್ಣ ಮಾತ್ರ, ಸರಿದ ಚೌಕ ಹುಡುಕುವ ಜಾಣತನವೂ ಇಲ್ಲ. ಧ್ವನಿ ತೆಗೆದ ಎಂಪಿ4 ಅದಕ್ಕಿಂತ ಎಷ್ಟೋ ಚಿಕ್ಕದು, ಚೆಂದವೂ ಹೌದು.

ಧ್ವನಿಯಲ್ಲಿ ನೀರಿನಷ್ಟೇ ಕಠಿಣವಾದದ್ದು ಚಂಡೆ. ಎಂಪಿ3 ಧ್ವನಿಯನ್ನು 1152 ಮಾದರಿಗಳ (ಧ್ವನಿಯ ಕ್ಷಣಕ್ಷಣದ ಅಳತೆಗಳ) ತುಂಡುಗಳಾಗಿ, ಅಂದರೆ ಸುಮಾರು 26 ಮಿಲಿಸೆಕೆಂಡಿನ ಲೆಕ್ಕದಲ್ಲಿ ಕುಗ್ಗಿಸುತ್ತದೆ. ಕುಗ್ಗಿಸುವಾಗ ಹುಟ್ಟುವ ಸದ್ದು ತುಂಡಿನ ಉದ್ದಕ್ಕೂ ಹರಡುತ್ತದೆ. ಮೌನದ ನಡುವೆ ಥಟ್ಟನೆ ಏಟು ಬಿದ್ದರೆ, ಏಟಿಗೂ ಮೊದಲೇ 'ಸ್ಸ್' ಎಂಬ ನೆರಳು ಕೇಳುತ್ತದೆ. ಬಿಟ್‌ರೇಟ್ ಇಳಿದಷ್ಟೂ ಅದು ಎದ್ದು ಕೇಳುತ್ತದೆ, ಚಂಡೆಯ ಹರಿತವೇ ಹೋಗಿಬಿಡುತ್ತದೆ. ಅದಕ್ಕೆ ಚಂಡೆ-ಮದ್ದಳೆಗೆ 192 ಕೆಬಿಪಿಎಸ್ ಕೊಡಿ, ನಿಮಿಷಕ್ಕೆ 1.44 ಎಂಬಿ. ಬರೀ ಮಾತಿಗಾದರೆ ಮೋನೊ 64 ಸಾಕು, ನಿಮಿಷಕ್ಕೆ 480 ಕೆಬಿ. ಓಪಸ್ ವಿಧಾನ ಮಾತನ್ನು ಇದರ ಅರ್ಧದಲ್ಲೂ ಸ್ಪಷ್ಟವಾಗಿ ಉಳಿಸುತ್ತದೆ, ಆದರೆ ಹಳೆಯ ಐಫೋನುಗಳಲ್ಲಿ ಅದರ ಫೈಲು ತೆರೆಯದಿರಬಹುದು. ಧ್ವನಿಮುದ್ರಣದ ಮಟ್ಟವನ್ನು ಭಾಗವತರ ಆಲಾಪ ಕೇಳಿ ಹೊಂದಿಸಬೇಡಿ. ಅಬ್ಬರದ ಚಂಡೆಗೆ ಧ್ವನಿಮುದ್ರಣದ ತಂತ್ರಾಂಶ ಆಡಾಸಿಟಿಯ ಮೀಟರು ಮೈನಸ್ 6 ಡೆಸಿಬಲ್ ದಾಟದಂತೆ ಇಡಿ. ಸೊನ್ನೆ ಮುಟ್ಟಿ ಕತ್ತರಿಸಿಹೋದ ಏಟನ್ನು ಆಮೇಲೆ ಯಾವ ಉಪಕರಣವೂ ಸರಿಯಾಗಿ ಮರಳಿಸಲಾರದು.

ಫೋಟೊದ ಕೆಲಸ ಸುಲಭ. ಬ್ರೌಸರಿನಲ್ಲೇ ನಡೆಯುವ ಸ್ಕ್ವೂಶ್‌ನಲ್ಲಿ ಅಗಲವನ್ನು 1200 ಚುಕ್ಕಿಗೆ ಇಳಿಸಿ, ಮೋಜ್‌ಜೆಪೆಗ್ (ಗುಣಮಟ್ಟ 75) ಅಥವಾ ವೆಬ್‌ಪಿ ಆಯ್ದರೆ 4 ಎಂಬಿಯ ಚಿತ್ರ ಸಾಮಾನ್ಯವಾಗಿ 300 ಕೆಬಿಯೊಳಗೆ ಬರುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಸಿಗುವಲ್ಲಿ 16 ಸೆಕೆಂಡ್ ಕಾಯಬೇಕಿದ್ದದ್ದು ಒಂದೂಕಾಲು ಸೆಕೆಂಡಿಗೆ ಇಳಿಯಿತು. ಯಕ್ಷಗಾನದ ತಲೆಯುಡುಗೆ ಕೇದಗೆ ಮುಂದಲೆಯ ಕೆಂಪು ಅಂಚು ಕಪ್ಪು ಹಿನ್ನೆಲೆಗೆ ಕಲೆಸಿದಂತೆ ಕಂಡರೆ ಮಾತ್ರ ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ಗೆ ಹೋಗಿ. ಜೆಪೆಗ್ ಸಾಮಾನ್ಯವಾಗಿ ನಾಲ್ಕು ಚುಕ್ಕಿಗೆ ಒಂದೇ ಬಣ್ಣ ಬರೆದಿಡುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಸಬ್‌ಸ್ಯಾಂಪ್ಲಿಂಗ್ 4:4:4 ಆಯ್ದರೆ ಪ್ರತಿ ಚುಕ್ಕಿಗೂ ಅದರದೇ ಬಣ್ಣ ಸಿಗುತ್ತದೆ. ಅಕ್ಷರಗಳೇ ತುಂಬಿರುವ ಪೋಸ್ಟರನ್ನು ಪಿಎನ್‌ಜಿಯಲ್ಲಿಡಿ, ಇಲ್ಲದಿದ್ದರೆ ಒತ್ತಕ್ಷರಗಳ ಸುತ್ತ ಮಸಿ ಹರಡಿದಂತಾಗುತ್ತದೆ.

ಫೋಟೊದೊಳಗೆ ಕಣ್ಣಿಗೆ ಕಾಣದ ಇನ್ನೊಂದು ಸಂಗತಿ ಇರುತ್ತದೆ: ತೆಗೆದ ಜಾಗದ ಜಿಪಿಎಸ್ ಗುರುತು. ದಾಂಡೇಲಿ ಕಾಡಿನ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಗೂಡಿನ ಚಿತ್ರವನ್ನು ಹಾಗೇ ಹಾಕಿದರೆ ಗೂಡಿನ ಮರದ ತನಕ ದಾರಿ ತೋರಿಸಿದಂತೆ. ಗಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವ ಮುನ್ನ ಎಕ್ಸಿಫ್ ಮಾಹಿತಿ (ಫೋಟೊದೊಳಗೆ ಅಡಗಿರುವ ಇಂಥ ವಿವರಗಳು) ಉಳಿಸುವ ಆಯ್ಕೆಯ ಗುರುತು ತೆಗೆಯಿರಿ. ಚಿತ್ರ ಯಾವ ಕಡೆಗೆ ನಿಲ್ಲಬೇಕೆಂಬ ಸೂಚನೆಯೂ ಅದರಲ್ಲೇ ಇರುವುದರಿಂದ, ತೆರೆಯುವಾಗ ಗಿಂಪ್ ತಿರುಗಿಸಲೇ ಎಂದು ಕೇಳಿದರೆ ಹೌದೆನ್ನಿ. ಇಲ್ಲವಾದರೆ ಮಂಗಟ್ಟೆ ಅಡ್ಡ ಮಲಗಿರುತ್ತದೆ.