ಮೇಷ್ಟ್ರ ಹಾಜರಿ

ಹೊಂಗೆ ಎಲೆ ಉದುರುವ ಕಾಲ ಬಂತೆಂದರೆ ನಮ್ಮ ಠಾಣೆಯ ಫೋನಿಗೆ ಬಿಡುವಿರುತ್ತಿರಲಿಲ್ಲ. ಶಿವರಾತ್ರಿಯಿಂದ ಯುಗಾದಿವರೆಗೆ ಖಾಲಿ ಸೈಟಿನ ಹುಲ್ಲು, ತರಗೆಲೆ, ತೆಂಗಿನ ಗರಿಯದ್ದೇ ಕರೆಗಳು. ಆಗ ನಾನು ಮೈಸೂರಿನಲ್ಲಿ ಅಗ್ನಿಶಾಮಕ ಠಾಣಾಧಿಕಾರಿ. ಒಂದು ಬಡಾವಣೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಪಕ್ಕದ ಮನೆಯವರು ಎಲೆ ಗುಡಿಸಿ ಕಡ್ಡಿ ಗೀರಿದರೆ ಸಾಕು, ಇವರ ಫೋನ್ ಬರುತ್ತಿತ್ತು. ನಾವು ಹೋಗುವಷ್ಟರಲ್ಲಿ ಅಲ್ಲಿ ಒಂದು ಹಿಡಿ ಬೂದಿ, ಪೊರಕೆ ಹಿಡಿದು ನಿಂತ ಆ ಮನೆಯಾಕೆ, ಕಾಂಪೌಂಡಿನ ಈಚೆ ಕೈಕಟ್ಟಿಕೊಂಡ ಮೇಷ್ಟ್ರು. "ಇವತ್ತಿನ ಹಾಜರಿ ಆಯ್ತು ಸಾರ್" ಅಂತ ನಮ್ಮ ಡ್ರೈವರ್ ಗಾಡಿ ತಿರುಗಿಸುತ್ತಿದ್ದ.

ಸುಳ್ಳು ಕರೆಗಳಲ್ಲಿ ನಾವು ಎರಡು ಬಗೆ ಮಾಡುತ್ತೇವೆ. ಕೀಟಲೆಗೆ ಮಾಡಿದ್ದು ಒಂದು, ಒಳ್ಳೇ ಮನಸ್ಸಿನಿಂದ ಮಾಡಿ ತಪ್ಪಿದ್ದು ಇನ್ನೊಂದು. ಎರಡನೆಯದಕ್ಕೆ ನಾವು ಯಾರನ್ನೂ ಗದರಿಸುವುದಿಲ್ಲ. ಮೇಷ್ಟ್ರದ್ದು ಯಾವ ಬಗೆ ಅಂತ ಹೇಳುವುದು ಕಷ್ಟ. ಹೊಗೆಯೂ ನಿಜ, ಎರಡು ಮನೆಗಳ ನಡುವೆ ಚರಂಡಿ ವಿಷಯಕ್ಕೆ ಹಳೇ ಜಗಳ ಇದ್ದಿದ್ದೂ ನಿಜ.

ಹಾಗಂತ ಎಲೆ ಬೆಂಕಿಯನ್ನು ಹಗುರವಾಗಿ ನೋಡಬೇಡಿ. ಸಂಜೆ ಐದಕ್ಕೆ ಆರಿಸಿ ಒಳಗೆ ಹೋದ ರಾಶಿ ರಾತ್ರಿ ಹನ್ನೊಂದಕ್ಕೆ ಮತ್ತೆ ಹೊತ್ತಿಕೊಂಡಿದ್ದನ್ನು ನೋಡಿದ್ದೇನೆ. ಮೇಲಿನ ಬೂದಿ ತಣ್ಣಗಿರುತ್ತದೆ, ಅಡಿಯಲ್ಲಿ ಕೆಂಡ ಹಾಗೇ ಇರುತ್ತದೆ. ಒಂದು ಚೆಂಬು ನೀರು ಚಿಮುಕಿಸಿದರೆ ಅದು ಆರುವುದಿಲ್ಲ. ಕೋಲಿನಿಂದ ಕೆದಕಬೇಕು, ನೀರು ಹೊಯ್ಯಬೇಕು, ಮತ್ತೆ ಕೆದಕಬೇಕು. ತೆಂಗಿನ ಗರಿಯ ಕಿಡಿ ಗಾಳಿಗೆ ಹಾರಿ ಆಚೆ ಮನೆಯ ತಾರಸಿಗೂ ಬೀಳುತ್ತದೆ. ಕಸದಲ್ಲಿ ಸೊಳ್ಳೆ ಸ್ಪ್ರೇ ಡಬ್ಬಿ ಸೇರಿಕೊಂಡಿದ್ದರಂತೂ ಪಟಾಕಿಯ ಹಾಗೆ ಸಿಡಿಯುತ್ತದೆ. ಇನ್ನು, ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ.

ಆದರೆ ದಂಡ ಹಾಕುವುದು ಪಾಲಿಕೆಯ ಕೆಲಸ. ಹೊಗೆಯಿಂದ ಕೆಮ್ಮು ಬಂತು ಅನ್ನುವ ದೂರೂ ಅಲ್ಲಿಗೇ ಹೋಗಬೇಕು. ನಮ್ಮ ಸಾಮಾನ್ಯ ಗಾಡಿಯಲ್ಲಿ ಇರುವುದು ಸುಮಾರು 4,500 ಲೀಟರ್ ನೀರು. ಅದು ಒಂದು ಬುಟ್ಟಿ ಎಲೆಯ ಮುಂದೆ ನಿಂತಿರುವಾಗ ಊರಿನ ಇನ್ನೊಂದು ಮೂಲೆಯಲ್ಲಿ ಮನೆಯೇ ಹತ್ತಿಕೊಂಡಿರಬಹುದು. ಹಾಗಾದರೆ ನಮಗೆ ಯಾವಾಗ ಫೋನ್ ಮಾಡಬೇಕು? ಬೆಂಕಿ ಕಾಯುವವರು ಯಾರೂ ಇಲ್ಲ, ಅದು ಒಣ ಹುಲ್ಲಿನಲ್ಲಿ ಹರಿದಾಡುತ್ತಿದೆ, ಹತ್ತಿರ ಟ್ರಾನ್ಸ್‌ಫಾರ್ಮರ್ರೋ ನಿಲ್ಲಿಸಿದ ಕಾರೋ ಶೆಡ್ಡೋ ಇದೆ ಅಂದರೆ ಯೋಚನೆ ಮಾಡುತ್ತಾ ಕೂರಬೇಡಿ. ಮನೆಯ ಕಿಟಕಿಯಿಂದ ಹೊಗೆ ಬಂದರಂತೂ ಕೇಳಲೇಬೇಡಿ, ಮಾಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಅದೇ ರಸ್ತೆ, ಮೇಷ್ಟ್ರ ಮನೆಯಿಂದ ಮೂರು ಮನೆ ಆಚೆ, ಏಪ್ರಿಲ್ ಮೊದಲ ವಾರ. ಸಂಡಿಗೆ ಕರಿಯಲು ಇಟ್ಟಿದ್ದ ಎಣ್ಣೆ ಕಾದು ಹೊತ್ತಿಕೊಂಡಿತು. ಗಾಬರಿಯಲ್ಲಿ ಅಜ್ಜಿ ಬಾಣಲೆಗೆ ಬಿಂದಿಗೆ ನೀರು ಸುರಿದರು. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎತ್ತಿ ಎಸೆಯುತ್ತದೆ. ಆಗಿದ್ದೂ ಅದೇ. ಒಂದು ತಟ್ಟೆ ಮುಚ್ಚಿ ಒಲೆ ಆರಿಸಿದ್ದರೆ ಮುಗಿಯುತ್ತಿತ್ತು.

ರಸ್ತೆಯವರೆಲ್ಲ ಹೊಗೆ ನೋಡಿದ್ದರು. ಆದರೆ ಒಬ್ಬರೂ ಫೋನ್ ಮಾಡಲಿಲ್ಲ. ಆಮೇಲೆ ವಿಚಾರಿಸಿದರೆ ಎಲ್ಲರದ್ದೂ ಒಂದೇ ಉತ್ತರ: "ಮೇಷ್ಟ್ರು ಮಾಡಿರ್ತಾರೆ ಅಂದ್ಕೊಂಡ್ವಿ ಸಾರ್." ಮೇಷ್ಟ್ರು ಅವತ್ತು ಹಾಸನದಲ್ಲಿ, ಮಗಳ ಮನೆಯಲ್ಲಿ. ಕೊನೆಗೆ ನಮಗೆ ತಿಳಿಸಿದ್ದು ದಾರಿಯಲ್ಲಿ ಹೋಗುತ್ತಿದ್ದ ಕೊರಿಯರ್ ಹುಡುಗ. ಅಡ್ಡರಸ್ತೆಯ ಹೆಸರು ಅವನಿಗೆ ಗೊತ್ತಿರಲಿಲ್ಲ. ಆದರೂ ಜಾಣ. ಹತ್ತಿರದ ಗಣಪತಿ ದೇವಸ್ಥಾನ ಹೇಳಿದ, ಒಳಗೆ ಯಾರೂ ಇಲ್ಲ ಅಂದ, ಸಿಲಿಂಡರ್ ಒಳಗೇ ಇದೆಯಂತೆ ಅಂದ. ನಾವು ಸಾಕು ಅನ್ನುವವರೆಗೂ ಫೋನ್ ಇಡಲಿಲ್ಲ. ರಸ್ತೆ ತಿರುವಿಗೆ ಓಡಿಬಂದು ಕೈ ಬೀಸುತ್ತಾ ನಿಂತಿದ್ದ.

ಅಜ್ಜಿಯ ಕೈ ಸುಟ್ಟಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಅಡುಗೆಮನೆ ಪೂರ್ತಿ ಹೋಗಿತ್ತು. ಆದರೆ ಸೊಸೆ ಅವರನ್ನು ಹೊರಗೆ ಎಳೆದುಕೊಂಡು ಬರುವಾಗ ಅಡುಗೆಮನೆ ಬಾಗಿಲು ಹಾಕಿಕೊಂಡು ಬಂದಿದ್ದಳು. ಬೆಂಕಿ ಆರಿದ ಮೇಲೆ ನಾನು ಆ ಬಾಗಿಲು ನೋಡಿದೆ. ಒಳಮೈ ಮೊಸಳೆ ಚರ್ಮದ ಹಾಗೆ ಕರಕಲು. ಹೊರಮೈಯಲ್ಲಿ ಮೊಳೆಗೆ ನೇತುಹಾಕಿದ್ದ ಕ್ಯಾಲೆಂಡರಿನ ಅಂಚು ಸಹ ಮುದುಡಿರಲಿಲ್ಲ.

ಒಂದೇ ಬೆಂಕಿಗೆ ಹತ್ತು ಜನ ಫೋನ್ ಮಾಡಿದರೆ ನಮಗೆ ತೊಂದರೆಯಿಲ್ಲ. "ಗೊತ್ತಾಗಿದೆ, ಗಾಡಿ ಹೊರಟಿದೆ" ಅನ್ನಲು ಎರಡು ಸೆಕೆಂಡು ಸಾಕು. 112 ಆಗಲಿ, 101 ಆಗಲಿ, ಎರಡೂ ಸರಿ.

ಮುಂದಿನ ವಾರ, ಏಪ್ರಿಲ್ 14ಕ್ಕೆ ಅಗ್ನಿಶಾಮಕ ಸಪ್ತಾಹ ಶುರುವಾಯಿತು. ಅದೇ ರಸ್ತೆಯಲ್ಲಿ ಪ್ರಾತ್ಯಕ್ಷಿಕೆ ಇಟ್ಟುಕೊಂಡೆವು. ಬಾಣಲೆ ಎಣ್ಣೆಗೆ ಬೆಂಕಿ ಹಚ್ಚಿ, ತಟ್ಟೆ ಮುಚ್ಚಿ ತೋರಿಸಿದೆವು. ಪೊರಕೆಯ ಆಕೆ ಮುಂದಿನ ಸಾಲಿನಲ್ಲಿದ್ದರು, ಹಾಸನದಿಂದ ವಾಪಸಾಗಿದ್ದ ಮೇಷ್ಟ್ರು ಹಿಂದೆ. ಕೊನೆಗೆ ನಾನು ಕೇಳಿದೆ: "ಸರಿ, ನಾಳೆ ಇಲ್ಲಿ ಹೊಗೆ ಕಂಡರೆ ಯಾರು ಫೋನ್ ಮಾಡ್ತೀರಿ?"

ಅಷ್ಟೂ ಜನ ತಿರುಗಿ ಮೇಷ್ಟ್ರನ್ನೇ ನೋಡಿದರು.