ವಾಷರ್ ಸದ್ದು ಮಾಡುತ್ತೆ, ನೀರು ಮಾತ್ರ ಬರಲ್ಲ: ಮೋಟರ್ ಹೋಗಿದೆಯಾ?

ಪ್ರಶ್ನೆ: ವೈಪರ್ ಲಿವರ್ ಎಳೆದರೆ ಬಾನೆಟ್ ಕಡೆಯಿಂದ ‘ಗುಂಯ್’ ಅಂತ ಸದ್ದು ಬರುತ್ತೆ, ವೈಪರ್ ಕೂಡ ಆಡುತ್ತೆ. ಆದ್ರೆ ಗಾಜಿಗೆ ಒಂದು ಹನಿ ನೀರೂ ಬೀಳಲ್ಲ. ಗ್ಯಾರೇಜಿನಲ್ಲಿ ಮೋಟರ್ ಬದಲಾಯಿಸಬೇಕು ಅಂತಿದ್ದಾರೆ. ಬದಲಾಯಿಸಲೇಬೇಕಾ?

ಸದ್ಯಕ್ಕೆ ಬೇಡ. ಸದ್ದು ಬರುತ್ತಿದೆ ಅಂದರೆ ನೀರು ಚಿಮ್ಮಿಸುವ ಮೋಟರಿಗೆ ಕರೆಂಟ್ ಸಿಗುತ್ತಿದೆ, ಅದು ತಿರುಗುತ್ತಲೂ ಇದೆ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ ಅನ್ನುತ್ತಿದ್ದೆ, ನಿಮಗೆ ಆ ಗೋಜಿಲ್ಲ. ಬಹುಶಃ ನೀರು ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ ಅಥವಾ ಸೋರುತ್ತಿದೆ.

ಮೊದಲು ವಾಷರ್ ಟ್ಯಾಂಕಿಗೆ ನೀರು ತುಂಬಿಸಿ. ನಗಬೇಡಿ! ತುಂಬ ಕಾರುಗಳಲ್ಲಿ ಅದರ ಬಾಯಿ ಮಾತ್ರ ಮೇಲೆ ಕಾಣುತ್ತೆ, ಹೊಟ್ಟೆಯೆಲ್ಲ ಬಂಪರ್ ಹಿಂದೆ ಇರುತ್ತೆ, ಹಾಗಾಗಿ ಖಾಲಿಯಾಗಿದ್ದು ಗೊತ್ತೇ ಆಗುವುದಿಲ್ಲ. ಮುಚ್ಚಳದ ಮೇಲೆ ಗಾಜಿಗೆ ನೀರು ಚಿಮ್ಮುವ ಚಿತ್ರ ಇರುತ್ತದೆ, ಅದನ್ನು ನೋಡಿಯೇ ಹಾಕಿ, ಎಂಜಿನ್ ತಣ್ಣಗಿಡುವ ಕೂಲೆಂಟಿನ ಡಬ್ಬಕ್ಕೆ ಸುರಿದುಬಿಟ್ಟೀರಿ. ಹಾಕಿದ ನೀರು ಕಾರಿನ ಕೆಳಗೆ ಸೋರಿದರೆ ಟ್ಯಾಂಕ್ ಒಡೆದಿದೆ, ಇಲ್ಲವೇ ಮೋಟರ್ ಕೂರುವ ಜಾಗದ ರಬ್ಬರ್ ಸಡಿಲಾಗಿದೆ.

ಸೋರದಿದ್ದರೆ ಬಾನೆಟ್ ಎತ್ತಿ, ಗಾಜಿಗೆ ನೀರು ಚಿಮ್ಮಿಸುವ ಸಣ್ಣ ಮೂತಿಗೆ, ಅಂದರೆ ನಾಜಲ್‌ಗೆ, ಬರುವ ಸಣ್ಣ ಪೈಪನ್ನು ಕಿತ್ತು ಹಿಡಿದುಕೊಳ್ಳಿ, ಮನೆಯವರ ಕೈಲಿ ಒಂದೆರಡು ಸೆಕೆಂಡ್ ಲಿವರ್ ಎಳೆಸಿ. ಪೈಪಿನಿಂದ ನೀರು ಚಿಮ್ಮಿತಾ? ಹಾಗಾದರೆ ನಾಜಲ್ ಕಟ್ಟಿಕೊಂಡಿದೆ, ಮತ್ತೇನೂ ಅಲ್ಲ.

ಬೆಂಗಳೂರಲ್ಲಿ ಇದು ಆಗದಿದ್ದರೆ ಆಶ್ಚರ್ಯ. ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರನ್ನೋ ಟ್ಯಾಂಕರ್ ನೀರನ್ನೋ ಹಾಗೇ ಸುರಿಯುತ್ತೇವೆ, ಬಾನೆಟ್ ಬಿಸಿಗೆ ನಾಜಲ್ ತುದಿಯ ನೀರು ಒಣಗುತ್ತದೆ, ಗೀಸರ್ ಕಾಯಿಲ್ ಮೇಲೆ ಕೂರುವ ಅದೇ ಬಿಳಿ ಉಪ್ಪು ಆ ಸೂಜಿ ಮೊನೆಯಷ್ಟು ತೂತಿನಲ್ಲೂ ಕೂತುಬಿಡುತ್ತದೆ. ಮೇಲಿಂದ ಮೆಟ್ರೋ ಕಾಮಗಾರಿಯ ಧೂಳು ಬೇರೆ. ನಾಜಲ್ ಬಿಚ್ಚಲು ಬಂದರೆ ಅರ್ಧ ವಿನಿಗರ್ ಅರ್ಧ ನೀರಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ, ತೊಳೆದು, ಸಣ್ಣ ಸೂಜಿಯಿಂದ ಮೆಲ್ಲಗೆ ಬಿಡಿಸಿ. ಜೋರಾಗಿ ಚುಚ್ಚಿದರೆ ತೂತು ದೊಡ್ಡದಾಗಿ ನೀರು ಗಾಜು ಬಿಟ್ಟು ಎಲ್ಲೆಲ್ಲೋ ಹೋಗುತ್ತೆ. ವಿನಿಗರ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ತೊಳೆಯಿರಿ.

ಇನ್ನು ಮುಂದೆ ಕಾವೇರಿ ನೀರೋ ಆರ್‌ಒ ಫಿಲ್ಟರಿನ ಕುಡಿಯುವ ನೀರೋ ಹಾಕಿ. ಆರ್‌ಒ ಹೊರಹಾಕುವ ವೇಸ್ಟ್ ನೀರನ್ನು ಉಳಿತಾಯ ಅಂತ ಇದಕ್ಕೆ ಸುರಿಯುವವರಿದ್ದಾರೆ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಪಾತ್ರೆ ತೊಳೆಯುವ ಸೋಪೂ ಬೇಡ, ನೊರೆ ಬಂದು ಗಾಜಿನ ಮೇಲೆ ಮಂಕು ಕೂರುತ್ತದೆ.

ಪೈಪಿನಿಂದಲೂ ನೀರು ಬರದಿದ್ದರೆ ಪೈಪ್ ಹಿಡಿದು ಟ್ಯಾಂಕಿನ ಕಡೆಗೆ ನೋಡುತ್ತಾ ಹೋಗಿ. ಬೇಸ್‌ಮೆಂಟ್ ಪಾರ್ಕಿಂಗ್ ಆದರೆ ಇಲಿ ಕಡಿದಿರುವ ಸಾಧ್ಯತೆ ಚೆನ್ನಾಗೇ ಇದೆ. ಎಲ್ಲಾದರೂ ಮಡಚಿದೆಯಾ, ಜಾಯಿಂಟ್ ಬಿಟ್ಟಿದೆಯಾ ನೋಡಿ. ಹಿಂದಿನ ಗಾಜಿಗೂ ವಾಷರ್ ಇದ್ದರೆ ಅದನ್ನೂ ಒತ್ತಿ ನೋಡಿ. ಅನೇಕ ಹ್ಯಾಚ್‌ಬ್ಯಾಕ್‌ಗಳಲ್ಲಿ ಒಂದೇ ಮೋಟರ್ ಒಂದು ಕಡೆ ತಿರುಗಿ ಮುಂದಕ್ಕೆ, ಇನ್ನೊಂದು ಕಡೆ ತಿರುಗಿ ಹಿಂದಕ್ಕೆ ನೀರು ಕಳಿಸುತ್ತದೆ. ಅಂಥ ಕಾರಿನಲ್ಲಿ ಹಿಂದೆ ಜೋರಾಗಿ ಬಂದರೆ ಮೋಟರ್ ಮೇಲೆ ಅನುಮಾನವೇ ಬೇಡ.

ಸುಮ್ನೆ ಲಿವರ್ ಎಳೆದು ಹಿಡಿದು ನೋಡುತ್ತಾ ಕೂರಬೇಡಿ, ನೀರಿಲ್ಲದೆ ಓಡಿದರೆ ಮೋಟರ್ ಬಿಸಿಯಾಗಿ ನಿಜವಾಗಿಯೂ ಸುಡುತ್ತದೆ. ಕೊನೆಗೆ ಉಳಿಯುವುದು ಟ್ಯಾಂಕಿನ ಬುಡ. ಮೋಟರ್ ನೀರೆಳೆಯುವ ಜಾಗದ ಜಾಲರಿಯಲ್ಲಿ ಪಾಚಿ, ಕೆಸರು ಕಟ್ಟಿರುತ್ತೆ, ಅದನ್ನು ತೊಳೆಸಿ. ಆಮೇಲೂ ಮೋಟರಿನ ಬಾಯಲ್ಲೇ ನೀರು ಬರದಿದ್ದರೆ ಒಳಗಿನ ರೆಕ್ಕೆ ಮುರಿದಿರಬಹುದು. ಆಗ ಗ್ಯಾರೇಜಿನವರು ಹೇಳಿದ್ದೇ ಸರಿ, ಬದಲಾಯಿಸಿ.